ಕೋಟೆಯೊಳಗಿನ ವರ್ತಕರ ನಗರ: ದುಬ್ರೊವ್ನಿಕ್‌ನಲ್ಲಿ ವಾರಾಂತ್ಯದ ಎರಡು ದಿನ

ವ್ಯಾಪಾರದ ನಿಮಿತ್ತ ಯೂರೋಪಿಗೆ ಹೋಗಿಬರುವ ನಮ್ಮ ಸದಸ್ಯರ ಸಂಖ್ಯೆ ಕಡಿಮೆಯೇನಲ್ಲ. ಯಂತ್ರೋಪಕರಣ, ಸಿದ್ಧ ಉಡುಪು, ಸಾಂಬಾರ ಪದಾರ್ಥ, ಗ್ರಾನೈಟ್ ಮೊದಲಾದ ವ್ಯವಹಾರಗಳಿಗಾಗಿ ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಮಿಲಾನ್‌ನ ವಾಣಿಜ್ಯ ಮೇಳಗಳಿಗೆ ಹೋದವರು ಶುಕ್ರವಾರ ಮೇಳ ಮುಗಿಸಿ, ಸೋಮವಾರದ ಭೇಟಿಗಾಗಿ ಹೋಟೆಲಿನ ಕೋಣೆಯಲ್ಲಿಯೇ ಎರಡು ದಿನ ಕಳೆಯುವುದುಂಟು. ಆ ಎರಡು ದಿನಗಳನ್ನು ಕಳೆಯಲು ತಕ್ಕ ಊರೊಂದು ಮೆಡಿಟರೇನಿಯನ್ ವಲಯದ ಏಡ್ರಿಯಾಟಿಕ್ ಕಡಲ ದಂಡೆಯಲ್ಲಿದೆ. ಅದು ಕ್ರೊಯೇಷಿಯ ದೇಶದ ದುಬ್ರೊವ್ನಿಕ್. ಇದರ ಹಳೆಯ ಹೆಸರು ರಗೂಸ.

ಸುಮಾರು 1,940 ಮೀಟರ್ ಉದ್ದದ, ಕೆಲವೆಡೆ 25 ಮೀಟರ್ ಎತ್ತರದ ಕಲ್ಲಿನ ಕೋಟೆಗೋಡೆ ಈ ನಗರವನ್ನು ಸುತ್ತುವರಿದಿದೆ. ಪ್ರವಾಸಿಗರು ಬರುವುದು ಬಹುಪಾಲು ಈ ಗೋಡೆಯನ್ನು ನೋಡಲೆಂದೇ. ಆದರೆ ವರ್ತಕನಾದವನು ಇಲ್ಲಿ ನೋಡಬೇಕಾದದ್ದು ಬೇರೆಯೂ ಇದೆ. 1358ರಿಂದ 1808ರವರೆಗೆ, ನಾಲ್ಕೂವರೆ ಶತಮಾನಗಳ ಕಾಲ, ದೊಡ್ಡ ಸೈನ್ಯವಿಲ್ಲದ ಈ ಪುಟ್ಟ ಗಣರಾಜ್ಯ ಒಂದು ಕಡೆ ವೆನಿಸ್, ಇನ್ನೊಂದು ಕಡೆ ತುರ್ಕಿ ಸಾಮ್ರಾಜ್ಯ ಇವೆರಡರ ನಡುವೆ ಬಾಳಿತು. ಅದನ್ನು ಉಳಿಸಿದ್ದು ಗೋಡೆಯೊಂದೇ ಅಲ್ಲ. ಅಳತೆಯ ಪ್ರಾಮಾಣಿಕತೆ, ಲೆಕ್ಕದ ಶಿಸ್ತು ಮತ್ತು ಅಪಾಯವನ್ನು ಮುಂದಾಗಿ ಎಣಿಸುವ ಬುದ್ಧಿಯೂ ಹೌದು. ಈ ಗುಣಗಳ ಕುರುಹುಗಳು ಇಂದಿಗೂ ಅಲ್ಲಿ ಕಲ್ಲಿನಲ್ಲಿ ಉಳಿದಿವೆ. ಅವನ್ನು ಕಾಣುವಂತೆ ಪ್ರವಾಸವನ್ನು ಯೋಜಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ವೀಸಾ: ಮೊದಲ ಎಚ್ಚರಿಕೆ

ಕ್ರೊಯೇಷಿಯವು 2023ರ ಜನವರಿ 1ರಂದು ಷೆಂಗೆನ್ ವಲಯವನ್ನೂ ಯೂರೋ ನಾಣ್ಯ ವ್ಯವಸ್ಥೆಯನ್ನೂ ಒಟ್ಟಿಗೆ ಸೇರಿತು. ಆದುದರಿಂದ ಜರ್ಮನಿ ಅಥವಾ ಇಟಲಿಯ ಮೇಳಕ್ಕೆಂದು ಪಡೆದ ಷೆಂಗೆನ್ ವೀಸಾದಲ್ಲಿಯೇ ದುಬ್ರೊವ್ನಿಕ್‌ಗೆ ಹೋಗಬಹುದಾಗಿದೆ. ಬೇರೆ ನಾಣ್ಯದ ತೊಡಕೂ ಇಲ್ಲ. ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ ಆ ದೇಶದ ರಾಯಭಾರ ಕಚೇರಿಗೇ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಐದು ದಿನ ಜರ್ಮನಿಯಲ್ಲಿ ಮೇಳ, ಎರಡು ದಿನ ಕ್ರೊಯೇಷಿಯದಲ್ಲಿ ವಿರಾಮ ಎಂದಾದರೆ ಅರ್ಜಿ ಜರ್ಮನಿಗೆ ಹೋಗತಕ್ಕದ್ದು. ಕ್ರೊಯೇಷಿಯದ ಎರಡು ದಿನಗಳನ್ನು ಮುಚ್ಚಿಡದೆ ಪ್ರವಾಸದ ವಿವರಪಟ್ಟಿಯಲ್ಲಿ ತೋರಿಸುವುದು ಕ್ಷೇಮಕರ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕವನ್ನು 90 ಯೂರೋಗಳಿಗೆ ಏರಿಸಲಾಯಿತು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ದುಬ್ರೊವ್ನಿಕ್‌ನಿಂದ ಬೋಸ್ನಿಯದ ಮೊಸ್ತಾರ್‌ಗೆ, ಮಾಂಟೆನೆಗ್ರೊದ ಕೊತೊರ್‌ಗೆ ಒಂದು ದಿನದ ಪ್ರವಾಸಗಳನ್ನು ಅಲ್ಲಿನ ಏಜೆಂಟರು ಮಾರುತ್ತಾರೆ. ಈ ಎರಡೂ ದೇಶಗಳು ಷೆಂಗೆನ್ ವಲಯದ ಹೊರಗಿವೆ. ಏಕ ಪ್ರವೇಶದ ವೀಸಾ ಹೊಂದಿದವರು ಗಡಿ ದಾಟಿದರೆ ಆ ವೀಸಾ ಅಲ್ಲಿಗೇ ಮುಗಿಯಿತು. ಸಂಜೆ ಮರಳಿ ಕ್ರೊಯೇಷಿಯವನ್ನು ಪ್ರವೇಶಿಸಲಾಗದು. ಊರಿಗೆ ಮರಳುವ ಟಿಕೆಟ್ ಫ್ರಾಂಕ್‌ಫರ್ಟ್‌ನಿಂದ ಇರುವಾಗ ಇಂತಹ ತಪ್ಪಿನ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ವೀಸಾ ಚೀಟಿಯ ಮೇಲೆ ಎಷ್ಟು ಪ್ರವೇಶಗಳೆಂದು ನಮೂದಾಗಿರುವುದನ್ನು ಟಿಕೆಟ್ ಕೊಳ್ಳುವ ಮೊದಲೇ ಓದಿಕೊಳ್ಳುವುದು ಉಚಿತ.

ಹೋಗುವ ಮಾರ್ಗ ಮತ್ತು ಕಾಲ

ದುಬ್ರೊವ್ನಿಕ್‌ಗೆ ರೈಲು ಸಂಪರ್ಕವಿಲ್ಲ. ಯೂರೋಪಿನ ದೊಡ್ಡ ನಗರಗಳಿಂದ ವಿಮಾನವೇ ಸುಲಭ ಮಾರ್ಗ. ವಿಮಾನ ನಿಲ್ದಾಣ ನಗರದಿಂದ ಸುಮಾರು 20 ಕಿ.ಮೀ. ದೂರದ ಚಿಲಿಪಿಯಲ್ಲಿದ್ದು, ಅಲ್ಲಿಂದ ಬಸ್ಸು ದೊರೆಯುತ್ತದೆ. ಚಳಿಗಾಲದಲ್ಲಿ ನೇರ ವಿಮಾನಗಳು ತೀರ ವಿರಳ. ಆಗ ರಾಜಧಾನಿ ಜಾಗ್ರೆಬ್‌ನ ಮೂಲಕ ಹೋಗಬೇಕಾಗಬಹುದು. ಸ್ಪ್ಲಿತ್ ನಗರದಿಂದ ರಸ್ತೆಯಲ್ಲಿ ಬರುವವರಿಗೆ ಹಿಂದೆ ಬೋಸ್ನಿಯದ ನೆಯುಮ್ ಎಂಬ ಕಿರಿದಾದ ಕರಾವಳಿ ಪಟ್ಟಿಯನ್ನು ದಾಟುವುದು ಅನಿವಾರ್ಯವಾಗಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಗಡಿ ದಾಟದೆಯೇ ಬರಬಹುದಾಗಿದೆ. ಬಸ್ಸಾಗಲಿ ಬಾಡಿಗೆ ಕಾರಾಗಲಿ, ಸೇತುವೆಯ ಮಾರ್ಗವಾಗಿಯೇ ಸಾಗುವುದೆಂದು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು, ಜನಸಂದಣಿ, ಕೋಣೆಯ ಬಾಡಿಗೆ ಮೂರೂ ಮಿತಿಮೀರಿರುತ್ತವೆ. ಮೇ ತಿಂಗಳು, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿ ಪ್ರಶಸ್ತ. ಯೂರೋಪಿನ ಶರತ್ಕಾಲದ ಮೇಳಗಳಿಗೆ ಹೋಗುವವರಿಗೆ ಇದು ಅನುಕೂಲವಾಗಿಯೇ ಹೊಂದುತ್ತದೆ. ಕೋಟೆಯ ಹೊರಗಿನ ಬಡಾವಣೆಗಳಲ್ಲಿ ತಂಗಿದರೆ ಖರ್ಚು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮೆಟ್ಟಿಲುಗಳ ಮೇಲೆ ಪೆಟ್ಟಿಗೆ ಹೊರುವ ಶ್ರಮವೂ ತಪ್ಪೀತು.

ಶನಿವಾರ: ಗೋಡೆಯ ಮೇಲೆ, ಗೋಡೆಯ ಒಳಗೆ

ಶುಕ್ರವಾರ ರಾತ್ರಿಯೇ ತಲುಪಿ, ಶನಿವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗೋಡೆಯನ್ನು ಹತ್ತುವುದು ಮೇಲು. ನೆರಳು ತೀರ ಕಡಿಮೆ, ಮೆಟ್ಟಿಲುಗಳು ಹೆಚ್ಚು. ಒಂದೇ ದಿಕ್ಕಿನಲ್ಲಿ ಸಾಗುವ ಈ ಸುತ್ತಿಗೆ ಸುಮಾರು ಎರಡು ಗಂಟೆ ಬೇಕು. 2025ರಲ್ಲಿ ಪ್ರವೇಶ ಶುಲ್ಕ 40 ಯೂರೋ ಇತ್ತು. ಗೋಡೆ, ಕೆಲವು ವಸ್ತು ಸಂಗ್ರಹಾಲಯಗಳು ಮತ್ತು ನಗರ ಬಸ್ಸು ಎಲ್ಲಕ್ಕೂ ಸೇರಿ ನಗರಾಡಳಿತ ನೀಡುವ ಒಂದೇ ಪಾಸ್ ಇದೆ. ಪ್ರತ್ಯೇಕ ಟಿಕೆಟ್ ಕೊಳ್ಳುವ ಮೊದಲು ಅದರ ದರವನ್ನು ಹೋಲಿಸಿ ನೋಡುವುದು ಲಾಭಕರ.

ಮೇಲಿನಿಂದ ನೋಡಿದಾಗ ಹಳೆಯ ಮಾಸಲು ಹೆಂಚುಗಳ ನಡುವೆ ಹೊಸ ಕೆಂಪು ಹೆಂಚುಗಳ ಮಾಡುಗಳೇ ಹೆಚ್ಚಾಗಿ ಕಾಣುತ್ತವೆ. ಇದು ಅಲಂಕಾರವಲ್ಲ. 1991ರ ಅಕ್ಟೋಬರ್‌ನಲ್ಲಿ ಆರಂಭವಾದ ಮುತ್ತಿಗೆಯಲ್ಲಿ, ವಿಶೇಷವಾಗಿ ಡಿಸೆಂಬರ್ 6ರ ಷೆಲ್ ದಾಳಿಯಲ್ಲಿ ಹಳೆಯ ನಗರದ ಮೂರರಲ್ಲಿ ಎರಡು ಪಾಲಿನಷ್ಟು ಕಟ್ಟಡಗಳು ಪೆಟ್ಟು ತಿಂದಿದ್ದವು. 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದ ನಗರ ಆಗ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, ಜೀರ್ಣೋದ್ಧಾರದ ನಂತರ 1998ರಲ್ಲಿ ಅದರಿಂದ ಹೊರಬಂದಿತು.

ಗೋಡೆಯಿಂದಿಳಿದು ಸ್ತ್ರಾದುನ್ ಎಂಬ ಮುಖ್ಯ ಬೀದಿಗೆ ಬಂದರೆ, ಎರಡೂ ಬದಿಯ ಮನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. 1667ರ ಏಪ್ರಿಲ್ 6ರ ಭೂಕಂಪದಲ್ಲಿ ನಗರ ನೆಲಸಮವಾಗಿ ಸಾವಿರಾರು ಜನ ಮಡಿದ ಬಳಿಕ ಸರ್ಕಾರವೇ ವಿನ್ಯಾಸ ಗೊತ್ತುಮಾಡಿ ಕಟ್ಟಿಸಿದ ಬೀದಿ ಇದು. ಕೆಳ ಅಂತಸ್ತು ಅಂಗಡಿಗೆ, ಮೇಲಿನದು ವಾಸಕ್ಕೆ. ಅಂಗಡಿಯ ಬಾಗಿಲನ್ನು ಗಮನಿಸಬೇಕು. ಒಂದೇ ಕಮಾನಿನಡಿ ಅರ್ಧ ಬಾಗಿಲು, ಉಳಿದರ್ಧ ಕಲ್ಲಿನ ಕಟ್ಟೆಯ ಕಿಟಕಿ. ಗಿರಾಕಿ ಒಳಗೆ ಬಾರದೆಯೇ ಕಟ್ಟೆಯ ಮೇಲಿಂದ ಸರಕು ಕೊಳ್ಳಬಹುದಾಗಿತ್ತು. ನಮ್ಮ ಹಳೆಯ ಪೇಟೆಬೀದಿಗಳ ಜಗಲಿ ಅಂಗಡಿಗಳನ್ನು ಕಂಡವರಿಗೆ ಇದು ಹೊಸತೆನಿಸದು.

ಬೀದಿಯ ಪೂರ್ವದ ತುದಿಯಲ್ಲಿರುವ ಸ್ಪೊಂಜಾ ಅರಮನೆ 16ನೇ ಶತಮಾನದ ಸುಂಕದ ಕಟ್ಟೆ. ಟಂಕಸಾಲೆಯೂ ಇಲ್ಲಿಯೇ ಇತ್ತು. ಭೂಕಂಪಕ್ಕೂ ಜಗ್ಗದೆ ಉಳಿದ ಈ ಕಟ್ಟಡದಲ್ಲಿ ಇಂದು ಗಣರಾಜ್ಯದ ಕಡತಗಳ ಭಂಡಾರವಿದೆ. ಸರಕು ತೂಗುತ್ತಿದ್ದ ಅಂಗಳದ ಕಮಾನಿನ ಮೇಲೆ ಲ್ಯಾಟಿನ್ ಶಾಸನವೊಂದಿದೆ. ನಮ್ಮ ತೂಕದ ಬೊಟ್ಟುಗಳು ಮೋಸ ಮಾಡುವುದಕ್ಕೂ ಮೋಸಹೋಗುವುದಕ್ಕೂ ಎಡೆಗೊಡವು, ನಾನು ಸರಕನ್ನು ತೂಗುವಾಗ ದೇವರು ನನ್ನನ್ನು ತೂಗುತ್ತಾನೆ ಎಂಬುದು ಅದರ ತಾತ್ಪರ್ಯ. ಹೊರಗಿನ ಚೌಕದಲ್ಲಿ 15ನೇ ಶತಮಾನದಲ್ಲಿ ನಿಲ್ಲಿಸಿದ ಓರ್ಲಾಂಡೊ ವೀರನ ಕಂಬವಿದೆ. ಆ ಪ್ರತಿಮೆಯ ಮುಂಗೈ ಉದ್ದವೇ, ಅಂದರೆ ಸುಮಾರು 51 ಸೆಂ.ಮೀ., ಗಣರಾಜ್ಯದ ಅಧಿಕೃತ ಮೊಳ. ಬಟ್ಟೆ ಕೊಂಡವನಿಗೆ ಅಳತೆಯಲ್ಲಿ ಸಂಶಯ ಬಂದರೆ ಪ್ರಮಾಣ ನಡುಬೀದಿಯಲ್ಲಿಯೇ ನಿಂತಿತ್ತು.

ಸಮೀಪದ ರೆಕ್ಟರ್ ಅರಮನೆಯನ್ನೂ ಬಿಡಬಾರದು. ಗಣರಾಜ್ಯದ ಮುಖ್ಯಸ್ಥನಾದ ರೆಕ್ಟರ್‌ನ ಅಧಿಕಾರಾವಧಿ ಕೇವಲ ಒಂದು ತಿಂಗಳು. ಸ್ವಂತ ವ್ಯವಹಾರಗಳನ್ನು ಮರೆತು ಸಾರ್ವಜನಿಕ ಕಾರ್ಯವನ್ನು ನೋಡಿ ಎಂಬ ಲ್ಯಾಟಿನ್ ಆದೇಶ ಮಹಾಸಭೆಯ ಬಾಗಿಲ ಮೇಲಿದೆ. ಆ ಮಹಾಸಭೆಯಲ್ಲಿ ಕುಲೀನ ಮನೆತನಗಳಿಗೆ ಮಾತ್ರ ಸ್ಥಾನವಿತ್ತೆಂಬುದನ್ನೂ ಮರೆಯಲಾಗದು. ಇದೇ ಊರಿನ ವರ್ತಕ ಬೆನೆಡಿಕ್ಟ್ ಕೊತ್ರುಲ್ಯೆವಿಚ್ 1458ರಲ್ಲಿ ವ್ಯಾಪಾರ ಧರ್ಮದ ಕುರಿತು ಗ್ರಂಥವೊಂದನ್ನು ಬರೆದು, ಅದರಲ್ಲಿ ಜೋಡಿ ನಮೂದು ಲೆಕ್ಕಪದ್ಧತಿಯನ್ನು ವಿವರಿಸಿದನು. ಈ ಪದ್ಧತಿಯ ಜನಕನೆಂದು ನಾವು ಓದಿಕೊಂಡ ಲೂಕಾ ಪಚೊಲಿಯ ಗ್ರಂಥ ಅಚ್ಚಾದುದು 1494ರಲ್ಲಿ. ಕೊತ್ರುಲ್ಯೆವಿಚ್‌ನ ಗ್ರಂಥ 1573ರವರೆಗೆ ಅಚ್ಚು ಕಾಣಲಿಲ್ಲವಾದ್ದರಿಂದ ಕೀರ್ತಿ ಪಚೊಲಿಯ ಪಾಲಾಯಿತು.

ಸಂಜೆ ಪೂರ್ವದ ಪ್ಲೊಚೆ ದ್ವಾರದ ಹೊರಗಿನ ಲಜರೆತಿ ಕಟ್ಟಡಗಳತ್ತ ನಡೆಯಬಹುದು. ಪಿಡುಗಿನ ನಾಡುಗಳಿಂದ ಬಂದವರು ಒಂದು ತಿಂಗಳು ಹೊರಗೆ ತಂಗಿದ ನಂತರವೇ ನಗರವನ್ನು ಪ್ರವೇಶಿಸಬೇಕೆಂದು ರಗೂಸ 1377ರಲ್ಲಿಯೇ ಶಾಸನ ಮಾಡಿತು. ಪ್ರತ್ಯೇಕವಾಸದ ಅತಿ ಹಳೆಯ ಕಾನೂನುಗಳಲ್ಲಿ ಇದೊಂದು. ಆ ಕೆಲಸಕ್ಕಾಗಿ 1590ರಲ್ಲಿ ಆರಂಭಿಸಿದ ಸಾಲು ಕಟ್ಟಡಗಳೇ ಇವು. 2020ರಲ್ಲಿ ಅಂಗಡಿಗಳ ಬಾಗಿಲು ಮುಚ್ಚಿ ಕುಳಿತಿದ್ದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರವನ್ನು ನಿಲ್ಲಿಸದೆ, ಆದರೆ ರೋಗವನ್ನೂ ಒಳಬಿಡದೆ ನಡೆಯುವ ದಾರಿಯನ್ನು ಅವರು ಹುಡುಕಿದ್ದರು. ಕಡಲ ಅಪಾಯಕ್ಕೂ ಅವರಲ್ಲಿ ಏರ್ಪಾಡಿತ್ತು. ನೌಕಾ ವಿಮೆಯ ಕುರಿತು 1568ರಲ್ಲಿಯೇ ಕಾಯಿದೆಯಾಯಿತು. ತುರ್ಕಿ ಸುಲ್ತಾನನಿಗೆ ವರ್ಷಕ್ಕೆ 12,500 ಡ್ಯೂಕಟ್ ಕಪ್ಪ ಸಲ್ಲಿಸಿ ಬಾಲ್ಕನ್ ಪೇಟೆಗಳಲ್ಲಿ ವ್ಯಾಪಾರದ ಸವಲತ್ತುಗಳನ್ನು ಪಡೆದರು. ಅದನ್ನೂ ಒಂದು ಬಗೆಯ ವಿಮೆಯ ಕಂತೆಂದು ಕರೆಯಬಹುದು.

ಭಾನುವಾರ: ಉಪ್ಪಿನ ಊರು

ಗಡಿ ದಾಟದೆ ಹೋಗಿಬರಬಹುದಾದ ಉತ್ತಮ ಸ್ಥಳವೆಂದರೆ ಸುಮಾರು 55 ಕಿ.ಮೀ. ದೂರದ ಸ್ತೊನ್. 1333ರಲ್ಲಿ ಈ ಊರು ರಗೂಸದ ವಶವಾಯಿತು. ಬೆಟ್ಟವನ್ನೇರಿ ಇಳಿಯುವ ಇಲ್ಲಿನ ಕೋಟೆಗೋಡೆ ಇಂದಿಗೂ ಸುಮಾರು 5.5 ಕಿ.ಮೀ. ಉದ್ದ ಉಳಿದಿದೆ. ಇಷ್ಟು ದೊಡ್ಡ ಗೋಡೆ ಕಾಯುತ್ತಿದ್ದುದು ಮುಖ್ಯವಾಗಿ ಉಪ್ಪಿನ ಗದ್ದೆಗಳನ್ನು; ಉಪ್ಪು ಗಣರಾಜ್ಯದ ಬೊಕ್ಕಸಕ್ಕೆ ದೊಡ್ಡ ಆದಾಯ ತರುತ್ತಿತ್ತು. ಆ ಗದ್ದೆಗಳಲ್ಲಿ ಇಂದಿಗೂ ಬಿಸಿಲಿನಿಂದಲೇ ಉಪ್ಪು ತೆಗೆಯುತ್ತಾರೆ. ನಮ್ಮ ಗೋಕರ್ಣದ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡವರಿಗೆ ಈ ಕೆಲಸ ಪರಿಚಿತವೇ.

ಕೊಳ್ಳುವ ವಿಚಾರದಲ್ಲಿ ಒಂದು ಸೂಚನೆ. 2023ರ ಜುಲೈನಿಂದ ಜಾರಿಯಾದ ಕಾನೂನಿನಂತೆ ಕ್ರೊಯೇಷಿಯದ ಸಾಮಾನ್ಯ ಅಂಗಡಿಗಳು ವರ್ಷಕ್ಕೆ 16 ಭಾನುವಾರಗಳಂದು ಮಾತ್ರ ತೆರೆಯಬಹುದು, ಕೆಲವು ವಿನಾಯಿತಿಗಳಿವೆ. ಬೇಕಾದ್ದನ್ನು ಶನಿವಾರವೇ ಕೊಳ್ಳುವುದೊಳ್ಳೆಯದು. ಗುಂಡುಲಿಚ್ ಚೌಕದ ಬೆಳಗಿನ ಸಂತೆಯಲ್ಲಿ ಒಣ ಅಂಜೂರ, ಲ್ಯಾವೆಂಡರ್ ದೊರೆಯುತ್ತವೆ. ಸಸ್ಯಾಹಾರಿಗಳಿಗೆ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಮಾಡುವ ಬ್ಲಿತ್ವಾ ಎಂಬ ಪಲ್ಯ ಹೊಂದುತ್ತದೆ. ಅದನ್ನು ಮೀನಿನೊಡನೆ ಬಡಿಸುವ ರೂಢಿಯಿರುವುದರಿಂದ ಪ್ರತ್ಯೇಕವಾಗಿ ಕೇಳಬೇಕು. 1438ರ ಒನೊಫ್ರಿಯೊ ಕಾರಂಜಿಯ ನೀರು ಕುಡಿಯಲು ಯೋಗ್ಯ. ಖಾಲಿ ಬಾಟಲಿಯೊಂದು ಕೈಯಲ್ಲಿದ್ದರೆ ಸಾಕು.

ಕೊನೆಯ ಮಾತು

ಈ ನಗರದ ಇಂದಿನ ಸಮಸ್ಯೆಯೂ ವರ್ತಕರು ತಿಳಿಯತಕ್ಕದ್ದೇ. ವಿಹಾರ ನೌಕೆಗಳಿಂದ ಒಮ್ಮೆಲೇ ಇಳಿಯುವ ಜನಪ್ರವಾಹವನ್ನು ತಾಳಲಾರದೆ, ಏಕಕಾಲಕ್ಕೆ ಎರಡು ನೌಕೆ ಮತ್ತು 4,000 ಪ್ರಯಾಣಿಕರೆಂಬ ಮಿತಿಯನ್ನು 2019ರಲ್ಲಿ ಗೊತ್ತುಮಾಡಲಾಯಿತು. ಗೋಡೆಯೊಳಗೆ ಒಂದು ಕಾಲಕ್ಕೆ ಸಾವಿರಾರು ಕುಟುಂಬಸ್ಥರು ಬಾಳುತ್ತಿದ್ದರು. ಈಗ ನೆಲೆಸಿರುವವರು ಎರಡು ಸಾವಿರಕ್ಕೂ ಕಡಿಮೆ. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು. ದಿನಸಿ ಅಂಗಡಿಗಳಿದ್ದೆಡೆ ನೆನಪಿನ ಕಾಣಿಕೆಗಳ ಅಂಗಡಿಗಳು ಬಂದವು. ಬಂದುಹೋಗುವ ಗಿರಾಕಿಯನ್ನೇ ನಂಬಿದ ಪೇಟೆ ನೆಲೆಸಿದ ಗಿರಾಕಿಯನ್ನು ಕಳೆದುಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರಗೂಸದ ಗೋಡೆ ಇನ್ನೂ ನಿಂತಿದೆ. ಗಣರಾಜ್ಯ ಮಾತ್ರ 1808ರಲ್ಲಿ ನೆಪೋಲಿಯನ್ನನ ಅಧಿಕಾರಿಗಳ ಒಂದು ಆಜ್ಞೆಯಿಂದ ಕೊನೆಗೊಂಡಿತು. ಕಲ್ಲು ಕಾಯುವುದು ಒಂದು ಮಿತಿಯವರೆಗೆ. ಅದಕ್ಕೂ ಮೊದಲು ನಾನೂರೈವತ್ತು ವರ್ಷ ಆ ಊರನ್ನು ನಡೆಸಿದ್ದು ಸರಿಯಾದ ತಕ್ಕಡಿ, ಸರಿಯಾದ ಮೊಳ ಮತ್ತು ಸರಿಯಾದ ಲೆಕ್ಕ. ಮುಂದಿನ ಮೇಳಕ್ಕೆ ಹೊರಡುವ ಸದಸ್ಯರು ಎರಡು ದಿನ ಬಿಡುವು ಮಾಡಿಕೊಂಡು ಆ ಸುಂಕದ ಕಟ್ಟೆಯ ಅಂಗಳದಲ್ಲಿ ಒಂದು ಗಳಿಗೆ ನಿಂತುಬಂದರೆ, ಪ್ರವಾಸದ ಖರ್ಚು ವ್ಯರ್ಥವಾಯಿತೆಂದು ಅನ್ನಿಸಲಾರದು.