ಗುಂಡುಹುಳುವಿನ ನಿವಾಸವೂ ತರಗೆಲೆಯೂ

ಮುಟ್ಟಿದೊಡನೆ ಮೈಯನ್ನು ಸುತ್ತಿಕೊಂಡು ಮೆಣಸಿನ ಕಾಳಿನಂತೆ ಉರುಳುವ ಬೂದುಬಣ್ಣದ ಕ್ಷುದ್ರಜಂತುವೊಂದನ್ನು ಹಿತ್ತಿಲ ಕಲ್ಲುಗಳ ಕೆಳಗೆ ನೋಡದವರು ವಿರಳ. ಇದನ್ನು ಇಲ್ಲಿ ಗುಂಡುಹುಳುವೆಂದು ಕರೆದಿರುವೆವು. ಈ ಹೆಸರು ಕಿವಿಗೆ ಒಪ್ಪುವುದಾದರೂ ಶಾಸ್ತ್ರಕ್ಕೆ ಒಪ್ಪದು. ಏಕೆಂದರೆ ಇದು ಹುಳುವೂ ಅಲ್ಲ, ಕೀಟವೂ ಅಲ್ಲ. ಕೀಟಕ್ಕೆ ಆರು ಕಾಲು. ತುಂಬಿಯನ್ನು ನಮ್ಮ ಕವಿಗಳು ಷಟ್ಪದವೆಂದುದು ಎಣಿಕೆಗೆ ಸರಿಯಾಗಿಯೇ ಇದೆ. ಗುಂಡುಹುಳುವಿಗಾದರೋ ಏಳು ಜೊತೆ ಕಾಲುಗಳು. ಇದು ಏಡಿ ಸಿಗಡಿಗಳ ಕುಲಕ್ಕೆ ಸೇರಿದ ಕಠಿನಚರ್ಮಿ. ಪಶ್ಚಿಮಘಟ್ಟದ ಕಾಡುಗಳಲ್ಲಿ ಹೀಗೆಯೇ ಉಂಡೆಯಾಗುವ ಸಹಸ್ರಪದಿಯೊಂದುಂಟು. ಅದರ ಬಹುತೇಕ ಉಂಗುರಗಳಿಗೆ ಎರಡೆರಡು ಜೊತೆ ಕಾಲುಗಳಿರುವುದರಿಂದ ಅದು ಬೇರೆಯೆಂದು ತಿಳಿಯಬೇಕು.

ಕುಲವಿಚಾರವನ್ನು ಇಷ್ಟು ಹೇಳಿದುದು ವೃಥಾ ಅಲ್ಲ; ಇದರ ನಿವಾಸವು ಕುಲದಿಂದಲೇ ನಿರ್ಣೀತವಾಗಿದೆ. ನೀರನ್ನು ತೊರೆದು ನೆಲಕ್ಕೆ ಬಂದರೂ ಈ ಜಂತುವು ಉದರದ ಕೆಳಗಿನ ಕಿವಿರಿನಂತಹ ಫಲಕಗಳಿಂದಲೇ ಉಸಿರಾಡುತ್ತದೆ. ಅವು ಸದಾ ತೇವವಾಗಿರಬೇಕು. ಕೀಟಗಳ ಚರ್ಮಕ್ಕಿರುವ ಮೇಣದ ರಕ್ಷೆ ಇದಕ್ಕಿಲ್ಲ. ತಾಯಿಯು ಮೊಟ್ಟೆಗಳನ್ನು ಎದೆಯ ಕೆಳಗಿನ ದ್ರವಪೂರ್ಣವಾದ ಚೀಲದಲ್ಲಿ ಹೊರುತ್ತದೆ. ಎಂದರೆ ತೊರೆದ ಕೊಳವನ್ನು ಮೈಯೊಳಗೇ ಇಟ್ಟುಕೊಂಡಿದೆ.

ಹಾಗಾದರೆ ಇದು ತೇವವನ್ನು 'ಬಯಸುತ್ತದೆ' ಎನ್ನಬಹುದೆ? 1937ರಲ್ಲಿ ಗನ್ ಎಂಬ ಆಂಗ್ಲ ವಿದ್ವಾಂಸರು ಇದರ ದಾಯಾದಿಯಾದ, ಉಂಡೆಯಾಗಲಾರದ ಒಂದು ಜಾತಿಯನ್ನು ಪರೀಕ್ಷಿಸಿದರು. ಒಣಗಾಳಿಯಲ್ಲಿ ಅದು ನಿಲ್ಲದೆ ನಡೆಯುತ್ತದೆ. ತೇವವುಳ್ಳೆಡೆಯಲ್ಲಿ ನಡಿಗೆ ನಿಧಾನವಾಗಿ ನಿಲ್ಲುತ್ತದೆ. ಹೀಗೆ ಅಲೆಯುತ್ತ ಅಲೆಯುತ್ತ ಎಲ್ಲವೂ ತೇವದಲ್ಲಿಯೇ ಗುಂಪುಗೂಡುತ್ತವೆ. ನಾವು ಅಭಿರುಚಿಯೆನ್ನುವುದು ಇಲ್ಲಿ ಬರಿಯ ನಿಲುಗಡೆ.

ಇದನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಅನ್ವಯಿಸಿ ನೋಡೋಣ. ಭೀಮೆ ಅಮರ್ಜೆಗಳು ಹರಿದರೂ ಇದು ಒಣಸೀಮೆ. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ, ಎರೆಭೂಮಿ ಬಾಯಿ ಬಿಡುತ್ತದೆ. ಮಲೆನಾಡಿನಲ್ಲಿ ನೆಲವೇ ತೇವ. ಇಲ್ಲಿ ತೇವವನ್ನು ಹಿಡಿದಿಡುವುದು ಮರದಡಿಯ ತರಗೆಲೆ, ಹಾಸುಗಲ್ಲಿನ ಅಡಿ, ನೆಲದ ಬಿರುಕು, ಇಷ್ಟೆ. ಆದುದರಿಂದ ಇಲ್ಲಿ ತರಗೆಲೆಯು ಈ ಜೀವಿಗೆ ಮೊದಲು ಮನೆ, ಅನಂತರ ಅನ್ನ ಎಂಬುದು ನಮ್ಮ ಅಭಿಪ್ರಾಯ.

ಅನ್ನದ ವಿಷಯದಲ್ಲಿಯೂ ಎಲ್ಲ ಎಲೆಯೂ ಸಮವಲ್ಲ. ಆಗತಾನೆ ಉದುರಿದ ಒಗರೆಲೆಗಿಂತ ಮಳೆಯಲ್ಲಿ ನೆನೆದು, ಬೂಷ್ಟು ಹಿಡಿದು ಮೆತ್ತಗಾದ ಎಲೆಯೇ ಇದಕ್ಕೆ ಹಿತ. ಸಾರಜನಕ ಹೆಚ್ಚಾದ ದ್ವಿದಳ ಸಸ್ಯಗಳ ಎಲೆ ಬೇಗ ಹದಕ್ಕೆ ಬರುತ್ತದೆ. ತೊಗರಿಯ ಈ ನಾಡಿನಲ್ಲಿ ಅದಕ್ಕೇನು ಕೊರತೆ? ಕವಚಕ್ಕೆ ಸುಣ್ಣ ಬೇಕು. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳುಂಟು. ಪೊರೆಯನ್ನು ಎರಡು ಕಂತಿನಲ್ಲಿ, ಮೊದಲು ಹಿಂದಿನರ್ಧ, ದಿನಗಳು ಕಳೆದ ಮೇಲೆ ಮುಂದಿನರ್ಧ, ಕಳಚುವುದು ಇದರ ವಿಚಿತ್ರ. ತಿಂದ ಎಲೆಯು ಸಣ್ಣ ಹಿಕ್ಕೆಯಾಗಿ ಹೊರಬಿದ್ದು ಅಣುಜೀವಿಗಳ ಕೆಲಸವನ್ನು ಸುಲಭಗೊಳಿಸುತ್ತದೆ. ಎಳೆಯ ಸಸಿಯನ್ನು ಕೆಲವೊಮ್ಮೆ ಕಡಿಯುವುದೂ ನಿಜವೇ. ಆದರೆ ಆ ಅಪರಾಧವು ಈ ಉಪಕಾರದ ಮುಂದೆ ಅಲ್ಪ.

ಈಗ ಭೀಮಾತೀರದ ಕಬ್ಬಿನ ಹೊಲಗಳಲ್ಲಿ ರವದಿಗೆ ಬೆಂಕಿಯಿಡುವುದುಂಟು. ಊರೊಳಗೆ ಬೇವಿನ ಕಟ್ಟೆಯ ಸುತ್ತ ಗುಡಿಸಿದ ಎಲೆಯನ್ನೂ ಸುಡುತ್ತಾರೆ. ಬೆಂಕಿಯಿಂದ ಒಂದೆರಡು ಪೀಳಿಗೆ ಸತ್ತುದಷ್ಟೇ ಆಗಿದ್ದರೆ ಉಳಿದವು ಮತ್ತೆ ಹೆಚ್ಚುತ್ತಿದ್ದವು. ಬಿರುಕಿನಲ್ಲಿ ಬದುಕಿ ಉಳಿದುದು ಮೇಲೆ ಬಂದಾಗ ನಿಲ್ಲಲು ತೇವದ ತಾಣವೇ ಇಲ್ಲ. ಒಣಗಾಳಿಯಲ್ಲಿ ಅದು ನಡೆಯುತ್ತಲೇ ಇರುತ್ತದೆ, ಒಣಗುವವರೆಗೆ.