ಡ್ರೈವರ್ ಡಿಎಲ್ ಜೆರಾಕ್ಸ್ ಫೈಲಲ್ಲಿದ್ದರೆ ಸಾಕಾ? ಗಾಡಿ ಓನರ್‌ಗಳು ತಿಳಿದಿರಬೇಕಾದ್ದು

ತುಮಕೂರು: ವಸಂತನರಸಾಪುರದ ಕಾರ್ಖಾನೆಗಳ ಶಿಫ್ಟ್ ವ್ಯಾನ್, ಅಂತರಸನಹಳ್ಳಿಯ ಗೋಡೌನ್‌ಗಳಿಂದ ಹೊರಡುವ ಪಿಕಪ್, ತಿಪಟೂರಿನ ಕೊಬ್ಬರಿ ಲಾರಿ, ಬೀದಿ ಬೀದಿಗೆ ನೀರಿನ ಕ್ಯಾನ್ ಹಾಕುವ ಟೆಂಪೊ. ಇವಕ್ಕೆ ಡ್ರೈವರ್ ಬೇಕಾದಾಗ ಎಷ್ಟೋ ಕಡೆ ನಡೆಯೋದು ಇಷ್ಟೇ: ಗೊತ್ತಿರುವವರು ಒಬ್ಬನನ್ನು ಕಳಿಸ್ತಾರೆ, ಓನರ್ "ಡಿಎಲ್ ಇದೆಯೇನಪ್ಪಾ?" ಅಂತಾರೆ, ಅವನು "ಇದೆ ಸಾರ್" ಅಂತಾನೆ, ಮುಗೀತು. ಸ್ವಲ್ಪ ಹುಷಾರಾದವರು ಜೆರಾಕ್ಸ್ ತೆಗೆಸಿ ಫೈಲಿಗೆ ಹಾಕ್ತಾರೆ. ಆ ಜೆರಾಕ್ಸ್ ಮತ್ತೆ ಹೊರಗೆ ಬರುವುದು ಆಕ್ಸಿಡೆಂಟ್ ಆದ ಮೇಲೆಯೇ.

"ಡಿಎಲ್ ಇಲ್ಲದಿದ್ರೆ ಡ್ರೈವರ್‌ದು ತಪ್ಪು, ನಂದೇನು?" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಡುವಂತಿಲ್ಲ. ಕೊಟ್ಟರೆ 180ನೇ ಸೆಕ್ಷನ್ ಅಡಿ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ. ಇದು ಮಾಲೀಕರಿಗೆ ಮಾತ್ರವಲ್ಲ, ಗಾಡಿಯ ಉಸ್ತುವಾರಿ ಹೊತ್ತವರಿಗೂ ಅನ್ವಯ. ಅಂದರೆ ಕೀ ಕೊಟ್ಟ ಸೂಪರ್‌ವೈಸರ್ ಕೂಡ ಸಿಕ್ಕಿಬೀಳಬಹುದು.

ಆದರೆ ನಿಜವಾದ ಹೊಡೆತ ದಂಡದ್ದಲ್ಲ, ಇನ್ಶೂರೆನ್ಸ್‌ದು. ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಕೋರ್ಟ್ ಪರಿಹಾರ ಕೊಡಿಸುತ್ತದೆ. ಡ್ರೈವರ್‌ಗೆ ಸರಿಯಾದ ಲೈಸೆನ್ಸ್ ಇರಲಿಲ್ಲ, ಓನರ್ ಅದನ್ನು ಗಮನಿಸಲೂ ಇಲ್ಲ ಎಂದು ವಿಮಾ ಕಂಪನಿ ಸಾಬೀತು ಮಾಡಿದರೆ, "ಮೊದಲು ನೀವು ಕಟ್ಟಿ, ಆಮೇಲೆ ಓನರ್‌ನಿಂದ ವಸೂಲಿ ಮಾಡಿಕೊಳ್ಳಿ" ಎಂದು ಕೋರ್ಟ್ ಆದೇಶಿಸಬಹುದು. ನೊಂದವರಿಗೆ ಹಣ ಸಿಗುತ್ತದೆ, ಸಿಗಲೇಬೇಕು. ಆದರೆ ವರ್ಷ ವರ್ಷ ಪ್ರೀಮಿಯಂ ಕಟ್ಟಿಯೂ ಓನರ್ ಮನೆ-ಸೈಟು ಮಾರುವ ಸ್ಥಿತಿ ಬರಬಹುದು. ಸ್ವಂತ ಗಾಡಿಯ ರಿಪೇರಿ ಕ್ಲೈಮ್ ಕೂಡ ರಿಜೆಕ್ಟ್ ಆಗಬಹುದು.

ಇಲ್ಲಿ ಓನರ್ ಪರವಾಗಿರುವ ಒಂದು ಅಂಶವಿದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಎಲ್ ನಕಲಿ ಎಂದು ತೋರಿಸಿದರಷ್ಟೇ ಸಾಲದು, ಓನರ್ ತಕ್ಕಷ್ಟು ಎಚ್ಚರ ವಹಿಸಲಿಲ್ಲ ಎಂಬುದನ್ನೂ ವಿಮಾ ಕಂಪನಿ ಸಾಬೀತು ಮಾಡಬೇಕು ಎಂದಿತು. ಲೈಸೆನ್ಸ್ ನೋಡಿ, ಗಾಡಿ ಓಡಿಸಿ ನೋಡಿ ಕೆಲಸಕ್ಕೆ ತಗೊಂಡಿದ್ದರೆ ಓನರ್ ಆರ್‌ಟಿಒಗೆ ಹೋಗಿ ವಿಚಾರಿಸಬೇಕಿಲ್ಲ ಎಂದೂ ಕೋರ್ಟ್ ಹೇಳಿದೆ. ಆದರೆ ಈ ರಕ್ಷಣೆ ನೋಡಿದವರಿಗೆ, ನೋಡದವರಿಗಲ್ಲ. ಅಸಲಿ ಡಿಎಲ್‌ನ ಅವಧಿ ಮುಗಿದಿದ್ದರೆ "ಗೊತ್ತಾಗಲಿಲ್ಲ" ಅನ್ನೋದು ಕಷ್ಟ, ತಾರೀಖು ಕಾರ್ಡಿನ ಮೇಲೇ ಇರುತ್ತದೆ.

ತಾರೀಖಿನಲ್ಲೇ ಹೆಚ್ಚು ಜನ ಎಡವೋದು. ಒಂದೇ ಡಿಎಲ್‌ನಲ್ಲಿ ಎರಡು ಅವಧಿ ಇರಬಹುದು: ನಾನ್-ಟ್ರಾನ್ಸ್‌ಪೋರ್ಟ್ ಮತ್ತು ಟ್ರಾನ್ಸ್‌ಪೋರ್ಟ್. ಮೊದಲನೆಯದು ಹಲವು ವರ್ಷ ಬಾಕಿ ಇರುತ್ತದೆ, ಅದನ್ನು ನೋಡಿ ಸಮಾಧಾನ ಆಗ್ತೀವಿ. ಆದರೆ ಟ್ರಾನ್ಸ್‌ಪೋರ್ಟ್ ಅವಧಿ 5 ವರ್ಷ ಮಾತ್ರ. ಗ್ಯಾಸ್, ಪೆಟ್ರೋಲ್, ಕೆಮಿಕಲ್‌ನಂಥ ಅಪಾಯಕಾರಿ ಸರಕಿನ ಗಾಡಿಗೆ 3 ವರ್ಷ, ಅದಕ್ಕೆ ಡಿಎಲ್‌ನಲ್ಲಿ ಪ್ರತ್ಯೇಕ ನಮೂದೂ ಬೇಕು. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತೆ ಎಂದು ಹಳೇ ಡ್ರೈವರ್‌ಗಳು ಈಗಲೂ ಹೇಳ್ತಾರೆ. ಆ ವಿನಾಯಿತಿಯನ್ನು 2019ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ.

ಯಾವ ಗಾಡಿಗೆ ಯಾವ ಡಿಎಲ್? 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಇದನ್ನು ಬಗೆಹರಿಸಿದೆ. ಎಲ್‌ಎಂವಿ ಲೈಸೆನ್ಸ್ ಇದ್ದವರು ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ಮೀರದ ಸರಕು ಅಥವಾ ಪ್ರಯಾಣಿಕರ ಗಾಡಿಯನ್ನೂ ಓಡಿಸಬಹುದು. ಟಾಟಾ ಏಸ್, ಬೊಲೆರೊ ಪಿಕಪ್‌ಗೆ ಹಾಗಾಗಿ ತೊಂದರೆ ಇಲ್ಲ. ಆರು ಚಕ್ರದ ಲಾರಿ, ಟಿಪ್ಪರ್, ದೊಡ್ಡ ಬಸ್ಸಿಗೆ ಇದು ನಡೆಯಲ್ಲ. ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ಬರೆದಿರುತ್ತದೆ, ಡಿಎಲ್ ಪಕ್ಕ ಇಟ್ಟು ಹೋಲಿಸಿ.

ಪರಿಶೀಲನೆ ಎರಡು ನಿಮಿಷದ ಕೆಲಸ. ಪರಿವಾಹನ್ ವೆಬ್‌ಸೈಟ್‌ನಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿದರೆ ಸ್ಟೇಟಸ್, ಎರಡೂ ಅವಧಿ, ಯಾವ ವರ್ಗದ ಗಾಡಿ ಎಲ್ಲಾ ಬರುತ್ತದೆ. ನಂಬರ್ ಇನ್ಯಾರದೋ ಇರಬಹುದೆಂಬ ಅನುಮಾನ ಇದ್ದರೆ, ಡ್ರೈವರ್ ಕೈಲೇ ಅವರ ಡಿಜಿಲಾಕರ್ ತೆರೆಸಿ ನೋಡಿ. ಆ ಪುಟದ ಪ್ರಿಂಟ್ ತೆಗೆದು ತಾರೀಖು ಹಾಕಿ ಇಡಿ, ಎಚ್ಚರ ವಹಿಸಿದ್ದಕ್ಕೆ ಅದೇ ಪುರಾವೆ. ಡ್ರೈವರ್ ಬಿಟ್ಟು ಹೋಗದಿರಲಿ ಅಂತ ಒರಿಜಿನಲ್ ಡಿಎಲ್ ಇಟ್ಟುಕೊಳ್ಳುವವರೂ ಇದ್ದಾರೆ. ಅದು ಪರಿಶೀಲನೆ ಅಲ್ಲ, ಒತ್ತೆ.

ಇನ್ನು ಕ್ಲೀನರ್ ವಿಷಯ. ಡ್ರೈವರ್ ಊಟಕ್ಕೆ ಹೋದಾಗ "ಸ್ವಲ್ಪ ರಿವರ್ಸ್ ತಗೊಳೋ" ಅನ್ನೋದು ನಮ್ಮಲ್ಲಿ ಮಾಮೂಲು. ಗೋಡೌನ್ ಮುಂದಿನ ರಸ್ತೆಯಲ್ಲಿ ಆ ಹತ್ತು ಅಡಿಗೂ ಲೈಸೆನ್ಸ್ ಬೇಕು. ರಜೆ ಮೇಲೆ ಬರುವ ಬದಲಿ ಡ್ರೈವರ್‌ಗೂ ಇದೇ ಮಾತು.

ರಿನೀವಲ್‌ಗೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ವೈದ್ಯರ ಸರ್ಟಿಫಿಕೇಟ್ ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಾಗುತ್ತದೆ. ಆರ್‌ಟಿಒಗೆ ಹೋಗಿಬರಲು ಡ್ರೈವರ್‌ಗೆ ಒಂದು ದಿನ ಸಂಬಳ ಸಹಿತ ರಜೆ ಕೊಡಿ. ಎಷ್ಟೋ ಡಿಎಲ್ ರಿನೀವಲ್ ಆಗದೆ ಉಳಿಯೋದು ಆ ಒಂದು ದಿನದ ಕೂಲಿ ಹೋಗುತ್ತಲ್ಲಾ ಅಂತ.