ತೆರಿಗೆ ಇಲಾಖೆಯ ಹೆಸರಿನಲ್ಲಿ ಗಾಳ: ಅಸಲಿ ನೋಟಿಸ್ ಗುರುತಿಸುವುದು ಹೇಗೆ?

ಬೆಂಗಳೂರು: ತಮಗೆ 15,490 ರೂಪಾಯಿ ಆದಾಯ ತೆರಿಗೆ ಮರುಪಾವತಿ ಮಂಜೂರಾಗಿದೆ, ಇಲ್ಲಿ ನಮೂದಿಸಿರುವ ಖಾತೆ ಸಂಖ್ಯೆ ತಪ್ಪಾಗಿದ್ದಲ್ಲಿ ಕೆಳಗಿನ ಕೊಂಡಿಯ ಮೂಲಕ ಸರಿಪಡಿಸಿಕೊಳ್ಳಿ. 2023ರಲ್ಲಿ ಇಂತಹದೊಂದು ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡಿತು. ಅದು ನಕಲಿ ಎಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯವೇ ಸ್ಪಷ್ಟಪಡಿಸಬೇಕಾಯಿತು. ನಮೂದಾದ ಖಾತೆ ಸಂಖ್ಯೆ ತನ್ನದಲ್ಲವೆಂದು ಕಂಡವನಿಗೆ ಹಣ ಬೇರೊಬ್ಬರ ಪಾಲಾದೀತೆಂಬ ಗಾಬರಿ. ಆ ಗಾಬರಿಯೇ ವಂಚಕರ ಬಂಡವಾಳ.

ಕೊಂಡಿ ಒತ್ತಿದ ನಂತರ ಏನಾಗುತ್ತದೆ ಎಂಬುದನ್ನು ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2021ರ ಸೆಪ್ಟೆಂಬರ್‌ನಲ್ಲಿ ವಿವರಿಸಿತ್ತು. 'ಡ್ರಿನಿಕ್' ಎಂಬ ಕುತಂತ್ರಾಂಶದ ಪ್ರಕರಣವದು. ಇಲಾಖೆಯ ಜಾಲತಾಣವನ್ನೇ ಹೋಲುವ ಪುಟ ತೆರೆದುಕೊಂಡು, ಪರಿಶೀಲನೆಗೆಂದು ಆಪ್ ಒಂದನ್ನು ಇಳಿಸಿಕೊಳ್ಳುವಂತೆ ಸೂಚಿಸುತ್ತಿತ್ತು. ಆ ಆಪ್ ಮೊದಲು ಎಸ್‌ಎಂಎಸ್ ಹಾಗೂ ಕರೆ ವಿವರಗಳನ್ನು ಓದುವ ಅನುಮತಿ ಪಡೆದು, ಬಳಿಕ ಪ್ಯಾನ್, ಆಧಾರ್, ಖಾತೆ ಸಂಖ್ಯೆ, ಡೆಬಿಟ್ ಕಾರ್ಡ್‌ನ ಪಿನ್‌ವರೆಗೆ ಎಲ್ಲವನ್ನೂ ಕೇಳುತ್ತಿತ್ತು. 27ಕ್ಕೂ ಹೆಚ್ಚು ಬ್ಯಾಂಕುಗಳ ಗ್ರಾಹಕರು ಇದರ ಗುರಿಯಾಗಿದ್ದರು.

ವಾಸ್ತವದಲ್ಲಿ ಮರುಪಾವತಿಗೆ ಇದಾವುದೂ ಬೇಕಿಲ್ಲ. ರಿಟರ್ನ್‌ಗಳ ಸಂಸ್ಕರಣೆ ನಡೆಯುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. ತೆರಿಗೆದಾರರು ಇ-ಫೈಲಿಂಗ್ ತಾಣದಲ್ಲಿ ಮೊದಲೇ ದೃಢೀಕರಿಸಿಟ್ಟ ಬ್ಯಾಂಕ್ ಖಾತೆಗೆ ಹಣ ಜಮೆಯಾಗುತ್ತದೆ. ಕಾರ್ಡ್ ಸಂಖ್ಯೆ, ಪಿನ್, ಪಾಸ್‌ವರ್ಡ್‌ಗಳನ್ನು ಇಲಾಖೆ ಇ-ಮೇಲ್ ಅಥವಾ ದೂರವಾಣಿಯಲ್ಲಿ ಕೇಳುವುದಿಲ್ಲ.

ಆಸೆ ಫಲಿಸದಿದ್ದರೆ ಭಯ. ಬಾಕಿ ತೆರಿಗೆ ಕೂಡಲೇ ಕಟ್ಟದಿದ್ದರೆ ಬಂಧನ ಎಂಬ ಬೆದರಿಕೆ ಕರೆಗಳು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಲ್ಲಿನ ನಾಗರಿಕರನ್ನು ಬೆದರಿಸುತ್ತಿದ್ದ ಮುಂಬೈ ಸಮೀಪದ ಮೀರಾ ರೋಡ್‌ನ ಕಾಲ್ ಸೆಂಟರ್‌ಗಳ ಮೇಲೆ 2016ರ ಅಕ್ಟೋಬರ್‌ನಲ್ಲಿ ಠಾಣೆ ಪೊಲೀಸರು ದಾಳಿ ನಡೆಸಿದ್ದರು. ಈಗ ಅದೇ ತಂತ್ರ 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನಲ್ಲಿ ಇಲ್ಲಿನವರ ಮೇಲೆ ಪ್ರಯೋಗವಾಗುತ್ತಿದೆ. ಅಂತಹ ಬಂಧನ ಯಾವ ಕಾನೂನಿನಲ್ಲಿಯೂ ಇಲ್ಲ. ತೆರಿಗೆಯನ್ನು ವ್ಯಕ್ತಿಯೊಬ್ಬರ ಯುಪಿಐ ಸಂಖ್ಯೆಗೆ ಕಳುಹಿಸುವ ಪದ್ಧತಿಯೂ ಇಲ್ಲ.

ಹಾಗೆಂದು ಎಲ್ಲ ನೋಟಿಸ್‌ಗಳನ್ನೂ ಅಳಿಸಿಹಾಕುವುದು ಇನ್ನೊಂದು ಅಪಾಯ. ಇಲಾಖೆಯೂ ಇ-ಮೇಲ್, ಎಸ್‌ಎಂಎಸ್ ಕಳುಹಿಸುತ್ತದೆ; ನೋಟಿಸ್‌ಗೆ ಉತ್ತರಿಸಲು ಗಡುವೂ ಇರುತ್ತದೆ. ಅಸಲಿಯನ್ನು ಪತ್ತೆಹಚ್ಚಲು ಇರುವ ಸಾಧನವೇ 'ಡಿನ್', ಅಂದರೆ ದಾಖಲೆ ಗುರುತಿನ ಸಂಖ್ಯೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪ್ರತಿಯೊಂದು ಪತ್ರದಲ್ಲಿಯೂ ಇದು ಇರಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತು. ಕೆಲವು ವಿಶೇಷ ಸಂದರ್ಭಗಳಿಗೆ ಮಾತ್ರ ವಿನಾಯಿತಿಯಿದೆ.

ಆದರೆ ಪತ್ರದ ಮೇಲೊಂದು ಸಂಖ್ಯೆ ಕಂಡಾಕ್ಷಣ ನಂಬುವಂತಿಲ್ಲ. ಸಂಖ್ಯೆಯನ್ನು ಯಾರು ಬೇಕಾದರೂ ಮುದ್ರಿಸಬಹುದು. ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂಬ ವಿಳಾಸವನ್ನು ಸ್ವತಃ ಬೆರಳಚ್ಚಿಸಿ ತಾಣ ಪ್ರವೇಶಿಸಬೇಕು. ಸಂದೇಶದಲ್ಲಿನ ಕೊಂಡಿಯಿಂದಲ್ಲ. ವಿಳಾಸದ ನಡುವೆಲ್ಲೋ 'ಗವ್' ಎಂದಿದ್ದು ಕೊನೆಗೆ ಬೇರೇನೋ ಇದ್ದರೆ ಅದು ಸರ್ಕಾರದ ತಾಣವಲ್ಲ. ಮುಖಪುಟದಲ್ಲಿಯೇ ನೋಟಿಸ್ ದೃಢೀಕರಣದ ಸೌಲಭ್ಯವಿದ್ದು, ಅದಕ್ಕೆ ಲಾಗಿನ್ ಅಗತ್ಯವಿಲ್ಲ. ಡಿನ್ ಮತ್ತು ಮೊಬೈಲ್ ಸಂಖ್ಯೆ ನೀಡಿ, ಮೊಬೈಲ್‌ಗೆ ಬರುವ ಒಟಿಪಿಯನ್ನು ಆ ಪುಟದಲ್ಲಿಯೇ ನಮೂದಿಸಿದರೆ ಸಾಕು. ಕರೆ ಮಾಡಿದವರಿಗೆ ಒಟಿಪಿ ಓದಿ ಹೇಳುವುದು ಬೇರೆ, ಇದು ಬೇರೆ. ಲಾಗಿನ್ ಆದರೆ ಬಾಕಿಯಿರುವ ನೋಟಿಸ್‌ಗಳನ್ನೂ ಅಲ್ಲಿಯೇ ಕಾಣಬಹುದು.

ಹಣ ಈಗಾಗಲೇ ಹೋಗಿದ್ದರೆ ನಾಚಿಕೆಯಿಂದ ದಿನ ಕಳೆಯುವುದು ಸಲ್ಲದು. ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿದಲ್ಲಿ ಹಣ ಮುಂದಿನ ಖಾತೆಗಳಿಗೆ ಸಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಬ್ಯಾಂಕಿಗೂ ತಿಳಿಸಿ ಕಾರ್ಡ್ ಸ್ಥಗಿತಗೊಳಿಸಬೇಕು. ಅಪರಿಚಿತ ಆಪ್ ಇಳಿಸಿಕೊಂಡಿದ್ದರೆ ಪಾಸ್‌ವರ್ಡ್‌ಗಳನ್ನು ಆ ಫೋನ್‌ನಿಂದಲೇ ಬದಲಾಯಿಸಲು ಹೋಗದೆ ಬೇರೊಂದು ಸಾಧನದಿಂದ ಬದಲಾಯಿಸಬೇಕು.